ಸೋಲಾರ್ ಕೈಕೊಡುವ ಆಟಿಯಲ್ಲಿ ಬಾವಿಯ ಬಿಸಿ

ಉಡುಪಿಯಲ್ಲಿ ಮನೆ ಬೆಚ್ಚಗಿಡಲು ಯಾರೂ ದುಡ್ಡು ಸುರಿಯುವುದಿಲ್ಲ. ನಮಗೆ ಬೇಕಾದದ್ದು ಸ್ನಾನಕ್ಕೆ ಬಿಸಿನೀರು. ನಮ್ಮ ಹೋಂಸ್ಟೇಗೆ ದಿನಕ್ಕೆ 500 ಲೀಟರ್ ಬೇಕು. ತಾರಸಿಯಲ್ಲಿ ಸೋಲಾರ್ ಇದೆ, ಆದರೆ ಜೂನ್‌ನಲ್ಲಿ ಮೋಡ ಕವಿದರೆ ಅದರ ಕೆಲಸ ಮುಗಿಯಿತು. ಆಟಿ (ಜುಲೈ-ಆಗಸ್ಟ್ ನಡುವಿನ ತುಳು ತಿಂಗಳು) ಪೂರ್ತಿ ಗೀಸರೇ ಗತಿಯಾಗಿತ್ತು. ಅದಕ್ಕೇ ಬಾವಿನೀರಿನ ಬಿಸಿ ಎಳೆಯುವ ಹೀಟ್ ಪಂಪ್ ಹಾಕಿಸಿದೆ.

ಸ್ವೀಡನ್‌ನಲ್ಲಿ ಮನೆ ಬಿಸಿ ಮಾಡಲು ನೂರು ಮೀಟರಿಗೂ ಜಾಸ್ತಿ ಆಳದ ಬೋರ್ ಕೊರೆದು ಪೈಪ್ ಇಳಿಸುತ್ತಾರೆ. ಅಲ್ಲಿ ನೆಲದೊಳಗೆ ಸಿಗುವುದು 10 ಡಿಗ್ರಿಗಿಂತ ಕಡಿಮೆ. ಆ ಬಿಸಿಯನ್ನೇ ಹೀಟ್ ಪಂಪ್ ಹಿಂಡಿ ಮೇಲಕ್ಕೇರಿಸುತ್ತದೆ, ಫ್ರಿಜ್ ಒಳಗಿನ ಬಿಸಿಯನ್ನು ಹಿಂದಕ್ಕೆ ದಬ್ಬುವ ಹಾಗೆ. ನಮ್ಮ ಬಾವಿನೀರು 27 ಡಿಗ್ರಿ ಇದೆ. ಕೊರೆಯುವ ಖರ್ಚೂ ಇಲ್ಲ, ಅಲ್ವಾ?

ಬಾವಿಗೆ ಪೈಪ್ ಇಳಿಸುತ್ತೇನೆ ಅಂದಾಗ ಅಮ್ಮ ಕೇಳಿದ್ದು ಒಂದೇ: "ಕುಡಿಯುವ ನೀರಿಗೆ ಎಂಥ ಹಾಕ್ತಿ ಮಗಾ?" ಸರಿಯಾದ ಪ್ರಶ್ನೆ. ಚಳಿದೇಶದಲ್ಲಿ ಪೈಪಿನೊಳಗೆ ಹೆಪ್ಪುಗಟ್ಟದ ದ್ರವ ತುಂಬಬೇಕು. ಇಲ್ಲಿ ಬರೀ ನೀರು ಸಾಕು. ಸೋರಿದರೂ ಬಾವಿ ಕೆಡುವುದಿಲ್ಲ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಬಾವಿನೀರಲ್ಲಿ ಕಬ್ಬಿಣದ ಅಂಶ ಇರುವುದುಂಟು. ಆ ನೀರನ್ನೇ ಯಂತ್ರಕ್ಕೆ ಹರಿಸಿದರೆ ಒಳಗೆ ಕೆಂಪು ಗಸಿ ಕಟ್ಟುತ್ತದೆ. ಅದಕ್ಕೇ ನಾನು ಮುಚ್ಚಿದ ಸುತ್ತು ಆರಿಸಿಕೊಂಡೆ: ಪೈಪಿನೊಳಗಿನ ನೀರು ಅದರಲ್ಲೇ ಸುತ್ತುತ್ತದೆ, ಬಾವಿನೀರು ಒಳಗೆ ಬರುವುದಿಲ್ಲ.

100 ಮೀಟರ್ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪನ್ನು ಸುರುಳಿ ಸುತ್ತಿ, ಸುತ್ತುಗಳ ನಡುವೆ ನೀರು ಆಡಲು ಜಾಗ ಬಿಟ್ಟು ಕಟ್ಟಿದೆವು. ಈ ಪೈಪ್ ನೀರಲ್ಲಿ ತೇಲುತ್ತದೆ. ಹಾಗಾಗಿ ಕೆಳಗೆ ಮುರಕಲ್ಲು ಬಿಗಿದು ತಳಕ್ಕೆ ಇಳಿಸಿದೆವು. ಕೊಡಪಾನ ಇಳಿಯುವ ಕಡೆ ಖಾಲಿ ಬಿಟ್ಟೆವು.

500 ಲೀಟರ್ ನೀರನ್ನು 27ರಿಂದ 55 ಡಿಗ್ರಿಗೆ ಏರಿಸಲು 16 ಯೂನಿಟ್ ಬೇಕು. ಈಗ ಮೀಟರ್ ಓಡುವುದು 4 ಯೂನಿಟ್ ಆಸುಪಾಸು, ಉಳಿದದ್ದು ಬಾವಿ ಕೊಡುತ್ತದೆ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ, ಇಷ್ಟು ತೆಗೆದರೂ ಅದು ತಣಿಯುವುದು ಒಂದೇ ಡಿಗ್ರಿಯಷ್ಟು. ಸುತ್ತಲಿನ ಮಣ್ಣು ಅದನ್ನು ತುಂಬಿಕೊಡುತ್ತದೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಕಾಲದ ಹೊಂದಾಣಿಕೆ. ಮಳೆಗಾಲದಲ್ಲಿ ಸೂರ್ಯ ಮೋಡಕ್ಕೆ ಮರೆಯಾಗುವ ಹೊತ್ತಿಗೇ ಬಾವಿ ತುಂಬಿರುತ್ತದೆ. ಏಪ್ರಿಲ್, ಮೇನಲ್ಲಿ ನೀರು ತಳ ಕಂಡಾಗ ಹೀಟ್ ಪಂಪ್ ಬಂದ್ ಮಾಡುತ್ತೇನೆ, ಸೋಲಾರ್ ಒಂದೇ ಸಾಕಾಗುತ್ತದೆ. ಹಾಕಿಸುವ ಮನಸ್ಸಿದ್ದವರು ಮೊದಲು ಮೇ ತಿಂಗಳಲ್ಲಿ ಬಾವಿಯ ನೀರಿನ ಆಳ ಅಳೆದಿಡಿ. ವರ್ಷವಿಡೀ ಓಡಿಸಬೇಕಾದರೆ ಸುರುಳಿಯ ಲೆಕ್ಕ ಅದರ ಮೇಲೇ ಹಾಕಬೇಕು.