ಫರ್ಸಿ ಸಂದಿಯ ಉಣ್ಣಿ, ನಮ್ಮ ಮೂರು ಬೆಕ್ಕು

ಹೋದ ಬೇಸಿಗೆಯಿಡೀ ನಮ್ಮ ಮೂರು ಬೆಕ್ಕುಗಳ ಮೈಮೇಲೆ ಸಿಕ್ಕ ಉಣ್ಣಿಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದು. ಅದಕ್ಕೂ ಮೊದಲು ವಾರಕ್ಕೊಮ್ಮೆ ಕಿವಿ ಹಿಂದೆ, ಗದ್ದದ ಕೆಳಗೆ, ಕಾಲ್ಬೆರಳ ನಡುವೆ ಹತ್ತು ಹದಿನೈದು ಕೀಳುತ್ತಿದ್ದೆ. "ಬೆಕ್ಕಿಗೆ ಹಾಕಿದ್ದ ರೊಕ್ಕದಾಗ ಒಂದು ಎಮ್ಮಿ ಕಟ್ಟಬಹುದಿತ್ತಲ್ರೀ" ಅಂತ ಓಣಿಯವರು ಆಡಿಕೊಂಡಿದ್ದರು. ಈಗ ಅವರೇ ನೋಡಲಿ ಅಂತ ಬರೆಯುತ್ತಿದ್ದೇನೆ.

ಕಲಬುರಗಿಯ ಹಳೇ ಜಂತಿ ಮನೆ ನಮ್ಮದು. ನೆಲಕ್ಕೆ ಶಹಾಬಾದಿನ ಫರ್ಸಿ (ಕಲ್ಲಿನ ಹಾಸು), ಗೋಡೆ ಕಲ್ಲು-ಮಣ್ಣಿನದು. ಪಕ್ಕದ ಮನೆಯಲ್ಲಿ ಆಡು, ನಮ್ಮ ಕಟ್ಟೆ ಮೇಲೆ ಓಣಿಯ ನಾಯಿ. ಇಂಥ ಮನೆಯಲ್ಲಿ ಬೆಕ್ಕಿನ ಮೈಗೆ ಮಾತ್ರ ಔಷಧಿ ಹಾಕುತ್ತ ಕೂತರೆ ಮುಗಿಯುವುದಿಲ್ಲ.

ಬೇವಿನೆಣ್ಣೆ ಹಚ್ಚಿದ ರಾತ್ರಿ ಬೆಕ್ಕು ಅದನ್ನೆಲ್ಲ ನೆಕ್ಕಿ ಬೆಳಗಿನ ತನಕ ಜೊಲ್ಲು ಸುರಿಸಿತು, ಉಣ್ಣಿ ಇದ್ದಲ್ಲೇ ಇದ್ದವು. 250ಕ್ಕೋ 300ಕ್ಕೋ ತಂದ ಉಣ್ಣಿ ಓಡಿಸುವ ಕೊರಳಪಟ್ಟಿಯನ್ನು ಹೆಣ್ಣು ಬೆಕ್ಕು ವಾರದೊಳಗೆ ಎಲ್ಲೋ ಕಳಚಿ ಬಂತು. ನಾಯಿಯ ಔಷಧಿಯನ್ನೇ ಸ್ವಲ್ಪ ಸ್ವಲ್ಪ ಹಾಕಿ ಅಂದವರಿದ್ದರು. ಪರ್ಮೆಥ್ರಿನ್ ಇದ್ದದ್ದು ಬೆಕ್ಕಿಗೆ ವಿಷ, ಅಮಿಟ್ರಾಜ್ ಕೂಡ ಬೇಡ. ದನಕ್ಕೆ ಹೊಡೆಯುವ ಡೆಲ್ಟಾಮೆಥ್ರಿನ್ನೂ ಪರ್ಮೆಥ್ರಿನ್ ಜಾತಿಯದೇ. ಈ ಮಾತಿನಲ್ಲಿ ನಾನು ಯಾರ ಜೊತೆಗೂ ವಾದ ಮಾಡುವುದಿಲ್ಲ, ಡಬ್ಬಿ ವಾಪಸ್ ಕೊಟ್ಟು ಬರುತ್ತೇನೆ.

ಕೊನೆಗೆ ನಿಂತದ್ದು ಉಣ್ಣಿ ಕೊಲ್ಲುವ, ಬೆಕ್ಕಿನದೇ ಫಿಪ್ರೊನಿಲ್ ಹನಿ, ಅರ್ಧ ಎಂಎಲ್ ಕೊಳವೆ. ಒಂದಕ್ಕೆ ಸುಮಾರು 300-350, ಮೂರಕ್ಕೆ ತಿಂಗಳಿಗೆ ಸಾವಿರ ಹಿಡಿಯಿರಿ. ತಲೆಬುರುಡೆಯ ಕೆಳಗೆ, ನಾಲಿಗೆ ಮುಟ್ಟದ ಜಾಗದಲ್ಲಿ ಕೂದಲು ಸೀಳಿ ತೊಗಲು ಕಾಣಿಸಿಕೊಂಡು ಹಾಕಬೇಕು. ಕೂದಲ ಮೇಲೆ ನಿಂತ ಹನಿಗೆ ಕೊಟ್ಟ ದುಡ್ಡು ದಂಡ. ಒಂದರ ಕತ್ತು ಇನ್ನೊಂದು ನೆಕ್ಕುತ್ತದೆ, ಅದಕ್ಕೆ ಆ ರಾತ್ರಿ ಮೂರನ್ನೂ ಬೇರೆ ಬೇರೆ ಖೋಲಿಯಲ್ಲಿ ಕೂಡಿ ಹಾಕುತ್ತೇನೆ. ನಮ್ಮ ಗಂಡು ಬೆಕ್ಕು ಕೊಳವೆಯ ಸಪ್ಪಳಕ್ಕೇ ಜಂತಿ ಏರುತ್ತಿತ್ತು. ಈಗ ಸುಮ್ಮನೆ ಕೂಡುತ್ತದೆ. ಹೇಗೆ ಅನ್ನುವುದು ನನ್ನಲ್ಲೇ ಇರಲಿ.

ಇಷ್ಟಾದರೂ ಹೊಸ ಉಣ್ಣಿ ಬರುತ್ತಲೇ ಇದ್ದವು. ಸಂಜೆ ಟಾರ್ಚ್ ಹಿಡಿದು ಪಡಸಾಲೆಯಲ್ಲಿ ಕೂತಾಗ ಕಂಡಿತು: ಎಳ್ಳಿನ ಗಾತ್ರದವು ಫರ್ಸಿಯ ಸಂದಿಯಿಂದ ಹೊರಟು ಗೋಡೆ ಹತ್ತುತ್ತಿದ್ದವು. ನಾಯಿಯ ಕಂದು ಉಣ್ಣಿ ಅದು. ಹೊಟ್ಟೆ ತುಂಬಿದ ಹೆಣ್ಣು ಗೋಡೆ ಬಿರುಕಿನಲ್ಲಿ ಮೂರು ನಾಲ್ಕು ಸಾವಿರ ಮೊಟ್ಟೆ ಇಡುತ್ತದೆ. ಸಂದಿಗೆ ಬೆಂಕಿ ಉಗುಳುವ ಬ್ಲೋ ಲ್ಯಾಂಪ್ ಹಿಡಿಸಿದೆ. ಫರ್ಸಿ ಚಟ್ ಚಟ್ ಅಂತ ಸಿಡಿದು ಎರಡು ಕಲ್ಲು ಬದಲಿಸುವ ಖರ್ಚು ಬಿತ್ತು. ಆಮೇಲೆ ಮಾಡಿದ್ದು ಕೆಟಲ್‌ನ ಕುದಿಯುವ ನೀರು. ಕುಂಚದಿಂದ ಸಂದಿಯ ಧೂಳು ಕೆದರಿ, ಬೆಕ್ಕುಗಳನ್ನು ಹೊರಗೆ ಅಟ್ಟಿ, ಸಂದಿಗುಂಟ ನಿಧಾನ ಸುರಿದೆ. ಹತ್ತು ಹನ್ನೆರಡು ದಿನ ಬಿಟ್ಟು ಮತ್ತೆ, ಹಾಗೆಯೇ ಇನ್ನೂ ಕೆಲವು ಸಲ. ಕಡೆಗೆ ಗೌಂಡಿಯನ್ನು ಕರೆದು ಸುಣ್ಣ-ಸಿಮೆಂಟು ತುಂಬಿಸಿದೆ. ಅದರಲ್ಲಿ ಇನ್ನೊಂದು ಬೆರೆಸಿದ್ದುಂಟು, ಬೆಕ್ಕಿಗೆ ತೊಂದರೆಯದ್ದಲ್ಲ, ಅಷ್ಟು ಸಾಕು. ಕೂಲಿ, ಮಾಲು ಸೇರಿ ನಾಲ್ಕು ಸಾವಿರದ ಮೇಲೆ ಹೋಯಿತು.

ಕಟ್ಟೆಯ ನಾಯಿಗೆ ಉಣ್ಣಿ ಕೊಲ್ಲುವ ಫ್ಲುರಲೇನರ್ ಗುಳಿಗೆ ಹಾಕಿದ್ದಕ್ಕಂತೂ ಮನೆಯವರೇ ನಕ್ಕರು. ತುಪ್ಪ ಸವರಿದ ರೊಟ್ಟಿಯಲ್ಲಿ ಮಡಚಿ, ಹೊಟ್ಟೆ ತುಂಬ ಉಣಿಸಿ ಕೊಟ್ಟೆ. 12 ವಾರದ ತನಕ ನಡೆಯುತ್ತದೆ, ಬೆಲೆ ದೀಡ್ ಸಾವಿರಕ್ಕೂ ಮೇಲೆ. ಆದರೆ ಮನೆಗೆ ಉಣ್ಣಿ ಹೊತ್ತು ತರುತ್ತಿದ್ದದ್ದು ಅದೇ, ಲೆಕ್ಕ ಹಾಕಿದರೆ ಅಗ್ಗ.

ನಡುವೆ ಜವಾರಿ ಕೋಳಿಯನ್ನೂ ನೋಡಿದೆ. ಅಂಗಳದ ಉಣ್ಣಿ ಹೆಕ್ಕಿ ತಿಂದವು, ಖರೆ. ಆದರೆ ಕೋಳಿಗೂ ತನ್ನದೇ ಉಣ್ಣಿ ಉಂಟು, ಅದೂ ಗೋಡೆ ಸಂದಿಯಲ್ಲೇ ಅಡಗುವ ಜಾತಿ. ಕೋಳಿ ಪಕ್ಕದ ಮನೆಗೇ ಹೋದವು. ಕಿತ್ತ ಉಣ್ಣಿಯನ್ನು ಬಾಟಲಿಯಲ್ಲಿಟ್ಟು ನೋಡಿದ್ದೂ ಉಂಟು: ಬರೀ ನೀರಿನಲ್ಲಿ ಮರುದಿನವೂ ಕಾಲಾಡಿಸುತ್ತವೆ, ಸ್ಪಿರಿಟ್‌ನಲ್ಲಿ ಬೇಗ ಮುಗಿಯುತ್ತವೆ. ಬೀಡಿ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಸಣ್ಣ ಚಿಮಟದಿಂದ ತೊಗಲಿಗೆ ತಾಗಿಸಿ ಹಿಡಿದು ನೆಟ್ಟಗೆ ಎಳೆದರೆ ಬರುತ್ತದೆ.

ಇಷ್ಟು ಹಟ ಹಿಡಿಸಿದ್ದು ಹೆಣ್ಣು ಬೆಕ್ಕಿನ ಜಡ್ಡು. ಉಣ್ಣುವುದು ಬಿಟ್ಟಿತ್ತು, ವಸಡು ಸುಣ್ಣದ ಹಾಗೆ ಬಿಳಿಚಿತ್ತು, ಜ್ವರ 104. ಇಲ್ಲಿ ಒಬ್ಬರು "ಬಿಸಲಿಗೆ ಹಿಂಗಾಗ್ಯದ" ಅಂದು ಗ್ಲುಕೋಸ್ ಏರಿಸಿ ಕಳಿಸಿದರು. ಬುಟ್ಟಿಯಲ್ಲಿ ಹಾಕಿಕೊಂಡು ರೈಲು ಹತ್ತಿ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಒಯ್ದೆ. ರಕ್ತದ ಸ್ಲೈಡಿನಲ್ಲಿ ಕೆಂಪುಕಣಗಳಿಗೆ ಅಂಟಿದ ಚುಕ್ಕೆ ಕಂಡವು, ಹಿಮೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ. ಇದನ್ನು ಹರಡುವುದರಲ್ಲಿ ಚಿಗಟದ ಮೇಲೆ ಗುಮಾನಿ ಹೆಚ್ಚು, ಉಣ್ಣಿಯ ಮೇಲೂ ಇದೆ ಅಂದರು. ಮೂರು ವಾರದಷ್ಟು ಡಾಕ್ಸಿಸೈಕ್ಲಿನ್ ಆ್ಯಂಟಿಬಯೋಟಿಕ್ ಕೊಟ್ಟರು. ಆ ಗುಳಿಗೆಯನ್ನು ಒಣಗಾಗಿ ನುಂಗಿಸಬೇಡಿ, ಅನ್ನನಾಳದಲ್ಲಿ ಸಿಕ್ಕಿ ಹುಣ್ಣು ಮಾಡುತ್ತದೆ. ಹಿಂದೆಯೇ ಸಿರಿಂಜಿನಲ್ಲಿ ಐದು ಎಂಎಲ್ ನೀರು ಬಾಯಿಯ ಪಕ್ಕದಿಂದ ಹಾಕಿ. ಹಾಲಿನ ಜೊತೆಯೂ ಬೇಡ.

ಪಡಸಾಲೆ, ಅಡಿಗೆಮನೆ ಮುಗಿದಿವೆ. ಜಂತಿಯ ತುದಿ ಗೋಡೆಗೆ ಸೇರುವ ಬಿರುಕು ಉಳಿದಿವೆ, ಗೌಂಡಿ ಈ ಸಲ ದಿನಕ್ಕೆ 900 ಕೇಳುತ್ತಿದ್ದಾನೆ. ಆಡಿನವರ ಜೊತೆ ಅರ್ಧ ಖರ್ಚಿನ ಮಾತು ನಡೆದಿದೆ.