ಏಳನೇ ಸೆಮಿಸ್ಟರ್‌ನಲ್ಲಿ ದಾರಿ ಬದಲಿಸಿದೆ: ಮೆಕ್ಯಾನಿಕಲ್‌ನಿಂದ ಬ್ಯಾಂಕಿನ ಕ್ರೆಡಿಟ್ ಕೆಲಸಕ್ಕೆ

ಕಲಬುರಗಿಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೆ. ಏಳನೇ ಸೆಮಿಸ್ಟರ್ ಹೊತ್ತಿಗೆ ಫೈನಾನ್ಸ್ ಕಡೆ ಹೋಗಬೇಕು ಅನ್ನೋದು ಗಟ್ಟಿಯಾಯಿತು. "ಮೂರು ವರ್ಷ ಓದಿದ್ದು ನೀರಾಗ ಹಾಕ್ತಿ ಏನು?" ಎಂದರು ಅಪ್ಪ. ಎಂಬಿಎ ಅಂದರೆ ಇನ್ನೆರಡು ವರ್ಷ, ಮತ್ತೆ ಫೀಸು. ಅದು ನಮಗೆ ಆಗದ ಮಾತು. ಬಿಇ ಮುಗಿಸಿ ನೇರವಾಗಿ ಬ್ಯಾಂಕಿನ ಕ್ರೆಡಿಟ್ ವಿಭಾಗಕ್ಕೆ, ಅಂದರೆ ಸಾಲದ ಅರ್ಜಿ ಪರಿಶೀಲಿಸುವ ಕೆಲಸಕ್ಕೆ ಪ್ರಯತ್ನಿಸೋಣ ಎಂದುಕೊಂಡೆ.

ಬಿ.ಕಾಂ. ಗೆಳೆಯನ ಪುಸ್ತಕದಲ್ಲಿ ಅಕೌಂಟ್ಸ್ ಕಲಿತೆ. ನಂತರ ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆ ನಡೆಸುವ ಕಂಪನಿಗಳ ವಾರ್ಷಿಕ ವರದಿ ಓದಿದೆ. ಷೇರುಪೇಟೆಯಲ್ಲಿರುವ ಕಂಪನಿಗಳ ವರದಿ ಪುಕ್ಕಟೆ ಸಿಗುತ್ತದೆ. ಇಂಧನ, ಕರೆಂಟು, ಸಾಗಾಣಿಕೆ ಖರ್ಚು ಏಕೆ ಅಷ್ಟು ದೊಡ್ಡದು ಅನ್ನೋದು ಎಂಜಿನಿಯರಿಂಗ್ ಓದಿದವನಿಗೆ ಬೇಗ ತಿಳಿಯುತ್ತದೆ. ಸರ್ಟಿಫಿಕೇಟಿಗೆ ಷೇರು ಮಾರುಕಟ್ಟೆ ಕುರಿತ ಎನ್‌ಐಎಸ್‌ಎಂ ಪರೀಕ್ಷೆ ಬರೆದೆ. ಜೆಎಐಐಬಿ ಎಂಬ ಬ್ಯಾಂಕಿಂಗ್ ಪರೀಕ್ಷೆ ಬ್ಯಾಂಕ್ ನೌಕರರಿಗೆ ಮಾತ್ರ, ಅದು ಆಮೇಲಿನ ಮಾತು.

ನಿಜವಾಗಿ ಕಲಿತದ್ದು ಮಾತ್ರ ಕಪನೂರಿನ ಒಂದು ದಾಲ್ ಮಿಲ್‌ನಲ್ಲಿ. ಪರಿಚಯದವರ ಮಿಲ್ಲು. ಅಲ್ಲಿ ಲೆಕ್ಕ ಬರೆಯುವ ಮುನೀಮ ಕಾಕಾ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: "ತಮ್ಮಾ, ಲಾಭ ಆಮ್ಯಾಲ ನೋಡು. ರೊಕ್ಕ ಎಲ್ಲಿ ಸಿಕ್ಕೊಂಡದ ಅದನ್ನ ಮೊದಲ ನೋಡು." ತೊಗರಿ ಗಂಜ್‌ಗೆ, ಅಂದರೆ ಮಾರುಕಟ್ಟೆಗೆ ಬರುವುದು ಡಿಸೆಂಬರ್ ಮುಗಿಯುವಾಗ. ನಾಲ್ಕು ತಿಂಗಳಲ್ಲಿ ಕೊಳ್ಳಬೇಕು, ವರ್ಷವೆಲ್ಲಾ ಬೇಳೆ ಮಾಡಬೇಕು. ಮಾಲು ಕೊಡಿಸುವ ಅಡತ್ (ದಲಾಲಿ) ಅಂಗಡಿಗೆ ಬೇಗ ದುಡ್ಡು ಕೊಡಬೇಕು, ಆದರೆ ಬೇಳೆ ಹೋಗುವುದು ಉದ್ರಿ.

ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟನ್ನು, ಅಂದರೆ ಮಾಲು-ಬಾಕಿಯ ಪಟ್ಟಿಯನ್ನು ಕಾಕಾ ನನ್ನ ಕೈಯಲ್ಲೇ ಹಾಕಿಸಿದರು. ಉದಾಹರಣೆಗೆ, ಗೋದಾಮಿನಲ್ಲಿ 40 ಲಕ್ಷದ ಮಾಲು, ಬರಬೇಕಾದ ಬಾಕಿ 30 ಲಕ್ಷ, ನಾವು ಕೊಡಬೇಕಾದದ್ದು 10 ಲಕ್ಷ. ಉಳಿದದ್ದು 60. ಅದರಲ್ಲಿ ಶೇ. 25 ಮಾರ್ಜಿನ್, ಅಂದರೆ ಮಿಲ್ಲಿನವರೇ ಹಾಕಬೇಕಾದ ಪಾಲು ಕಳೆದರೆ 45 ಲಕ್ಷ. ಸಿಸಿ (ಕ್ಯಾಶ್ ಕ್ರೆಡಿಟ್, ಬೇಕಾದಾಗ ಎತ್ತಿ ಮತ್ತೆ ಕಟ್ಟುವ ಸಾಲ) ಖಾತೆಯಲ್ಲಿ ಬ್ಯಾಂಕ್ ಮಂಜೂರು ಮಾಡಿದ ಲಿಮಿಟ್ ಅದಕ್ಕಿಂತ ಹೆಚ್ಚಿದ್ದರೂ, ಆ ತಿಂಗಳು ಎತ್ತಲು ಬರುವುದು ಅಷ್ಟೇ. ಇದನ್ನೇ ಡ್ರಾಯಿಂಗ್ ಪವರ್ ಅನ್ನುತ್ತಾರೆ. ಹಳೇ ಬಾಕಿ, ಸಾಮಾನ್ಯವಾಗಿ 90 ದಿನ ದಾಟಿದ್ದು, ಲೆಕ್ಕಕ್ಕೇ ಬರಲ್ಲ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ವಿಷಯ ಇದು. ಆದರೆ ವಸೂಲಾಗದ ಬಿಲ್ಲನ್ನು ಕೈಯಲ್ಲಿ ಹಿಡಿದು ಪಟ್ಟಿಯಿಂದ ತೆಗೆಯುವಾಗ ತಲೆಗೆ ಹತ್ತುವುದೇ ಬೇರೆ.

ಇಂಟರ್‌ವ್ಯೂನಲ್ಲಿ "ಮೆಕ್ಯಾನಿಕಲ್ ಬಿಟ್ಟು ಇಲ್ಲಿಗೇಕೆ?" ಎಂದು ಕೇಳಿಯೇ ಕೇಳುತ್ತಾರೆ. ನಾನು ಮಿಲ್ಲಿನ ಲೆಕ್ಕ ಹೇಳಿದೆ. "2 ಕೋಟಿ ವಹಿವಾಟಿದ್ದರೆ ಲಿಮಿಟ್ ಎಷ್ಟು ಕೊಡ್ತೀರಿ?" ಎಂದರು. ಸಣ್ಣ ಉದ್ಯಮಗಳ ಸಾಲದ ಬಗ್ಗೆ ಆರ್‌ಬಿಐ ನೇಮಿಸಿದ್ದ ನಾಯಕ್ ಸಮಿತಿಯ ವಿಧಾನದಲ್ಲಿ ವರ್ಷದ ಅಂದಾಜು ವಹಿವಾಟಿನ ಶೇ. 20, ಅಂದರೆ 40 ಲಕ್ಷ. ಆದರೆ ದಾಲ್ ಮಿಲ್ಲಿಗೆ ಜನವರಿಯಲ್ಲಿ ಅದು ಸಾಲುವುದಿಲ್ಲ, ಸೀಸನ್ನಿಗೆ ಬೇರೆ ಲಿಮಿಟ್ ಬೇಕು, ತಿಂಗಳುವಾರು ನೋಡಬೇಕು ಎಂದೆ. ಮುಂದಿನ ಮಾತೆಲ್ಲ ಅದರ ಮೇಲೆಯೇ ನಡೆಯಿತು. ಕೆಲಸ ಸಿಕ್ಕಿತು. ಮಿಲ್ಲಿನ ಮಷೀನು ದಿನಕ್ಕೆ ಎಷ್ಟು ತೊಗರಿ ಒಡೆಯುತ್ತದೆ, ತೋರಿಸಿದ ವಹಿವಾಟು ಆ ಸಾಮರ್ಥ್ಯಕ್ಕೆ ಹೊಂದುತ್ತದಾ ಅಂತ ಪರೀಕ್ಷಿಸಲು ನನ್ನ ಬಿಇ ಈಗಲೂ ಕೆಲಸಕ್ಕೆ ಬರುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಓದುತ್ತಿರುವವರು ಹೀಗೆ ಕಲಿಯಬೇಕೆಂದರೆ ಗುರುತಿನವರ ಮೂಲಕ ಮಳೆಗಾಲದಲ್ಲಿ ಹೋಗಿ ಕೇಳಿ. ಸೀಸನ್ನಿನಲ್ಲಿ ಮುನೀಮರಿಗೆ ತಲೆ ಎತ್ತಲೂ ಪುರುಸೊತ್ತು ಇರಲ್ಲ.