ಡ್ರಿಪ್ ಕಾಫಿ ಮೇಕರ್ ಕೈಕೊಟ್ಟರೆ ನೀರಿನ ಜಾಡು ಹಿಡಿಯಿರಿ

ಡ್ರಿಪ್ ಕಾಫಿ ಮೇಕರ್‌ನೊಳಗೆ ನೀರನ್ನು ಮೇಲೆತ್ತುವ ಪಂಪು ಇದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಮನೆಬಳಕೆಯ ಸಾಮಾನ್ಯ ಯಂತ್ರಗಳಲ್ಲಿ ಪಂಪೇ ಇರುವುದಿಲ್ಲ. ಟ್ಯಾಂಕಿನ ತಳದ ತೂತಿನಿಂದ ತಣ್ಣೀರು ತನ್ನ ಭಾರಕ್ಕೆ ತಾನೇ ಇಳಿದು, ಬಿಸಿ ತಟ್ಟೆಯ ಅಡಿಯಲ್ಲಿ ಕುದುರೆ ಲಾಳದ ಹಾಗೆ ಬಾಗಿರುವ ಅಲ್ಯೂಮಿನಿಯಂ ಕೊಳವೆಗೆ ಬರುತ್ತದೆ. ಆ ಕೊಳವೆಗೆ ಹೀಟರ್ ಅಂಟಿಕೊಂಡಿರುತ್ತದೆ. ನೀರು ಅಲ್ಲಿ ಕುದಿಯತೊಡಗಿದಾಗ ಏಳುವ ಆವಿಯ ಗುಳ್ಳೆಗಳು ಎದುರಿಗಿರುವ ನೀರನ್ನು ಸಣ್ಣ ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತವೆ, ಅದು ಪುಡಿಯ ಮೇಲೆ ಬೀಳುತ್ತದೆ. ಗುಳ್ಳೆಗಳು ಟ್ಯಾಂಕಿನ ಕಡೆಗೇ ಹಿಂದಿರುಗದಿರಲೆಂದು ದಾರಿಯಲ್ಲೊಂದು ಚೆಕ್ ವಾಲ್ವ್ ಇರುತ್ತದೆ. ಅದು ಒಂದು ಪುಟ್ಟ ಗೋಲಿಯೋ ಸಿಲಿಕೋನ್ ನಾಲಿಗೆಯೋ ಆಗಿರುತ್ತದೆ, ಒಂದೇ ದಿಕ್ಕಿಗೆ ತೆರೆಯುತ್ತದೆ.

ಇಷ್ಟು ತಿಳಿದರೆ ಅರ್ಧ ರಿಪೇರಿ ಆದಂತೆಯೇ. ಟ್ಯಾಂಕ್, ವಾಲ್ವ್, ಕೊಳವೆ, ಮೇಲಿನ ಪೈಪು, ಫಿಲ್ಟರ್ ಬುಟ್ಟಿ, ಜಗ್ಗು: ಈ ದಾರಿಯಲ್ಲಿ ನೀರು ಎಲ್ಲಿ ನಿಂತಿದೆ ಎಂದು ನೋಡಿದರೆ ತೊಂದರೆ ಅಲ್ಲೇ ಸಿಗುತ್ತದೆ.

ಸದ್ದು ಜೋರು, ಆವಿ ಜಾಸ್ತಿ, ಕಾಫಿ ಮಾತ್ರ ನಿಧಾನ

ಹಳೆಯ ಯಂತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ ಇದು. ಕಾರಣ ಗಡಸು ನೀರು. ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಕಾರ್ಬೊನೇಟ್ ಆಗಿ ಬೇರ್ಪಟ್ಟು ಕೊಳವೆಯ ಒಳಗೋಡೆಗೆ ಬಿಳಿ ಹೆಕ್ಕಳೆಯಾಗಿ ಕಟ್ಟಿಕೊಳ್ಳುತ್ತದೆ. ಇದರಿಂದ ಎರಡು ಕೆಡುಕು. ಕೊಳವೆಯ ದಾರಿ ಕಿರಿದಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಪದರ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ. ಲೋಹ ವಿಪರೀತ ಕಾಯುತ್ತದೆ, ನೀರಿಗೆ ಬಿಸಿ ತಲುಪುವುದಿಲ್ಲ, ಥರ್ಮೋಸ್ಟ್ಯಾಟ್ ಸಾಕೆಂದು ತಿಳಿದು ಹೀಟರನ್ನು ಆರಿಸಿಬಿಡುತ್ತದೆ. ಟ್ಯಾಂಕಿನಲ್ಲಿ ಇನ್ನೂ ನೀರಿರುವಾಗಲೇ ಒಳಗಿನಿಂದ 'ಟಿಕ್' ಎಂಬ ಸಣ್ಣ ಸದ್ದು ಮತ್ತೆ ಮತ್ತೆ ಕೇಳಿಸಿದರೆ ಅದು ಈ ಥರ್ಮೋಸ್ಟ್ಯಾಟಿನದೇ.

ಅನುಮಾನವಿದ್ದರೆ ಗಡಿಯಾರ ಹಿಡಿದು ಪರೀಕ್ಷಿಸಿ. ಪುಡಿ ಹಾಕದೆ 1 ಲೀಟರ್ ತಣ್ಣೀರು ಹಾಕಿ ಯಂತ್ರ ಓಡಿಸಿ. 1 ಲೀಟರ್ ನೀರನ್ನು 25 ಡಿಗ್ರಿಯಿಂದ 95 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 293 ಕಿಲೋಜೂಲ್ ಶಕ್ತಿ ಬೇಕು. 900 ವ್ಯಾಟ್ ಹೀಟರ್ ಅಷ್ಟನ್ನು ಕೊಡಲು ಐದೂವರೆ ನಿಮಿಷ ಸಾಕು. ಆವಿಯಲ್ಲಿ, ಲೋಹದಲ್ಲಿ ಹೋಗುವ ಶಾಖವನ್ನೂ ಸೇರಿಸಿ ಏಳೆಂಟು ನಿಮಿಷ ಎನ್ನೋಣ. ಹನ್ನೆರಡು ನಿಮಿಷ ದಾಟಿತೆಂದರೆ ಒಳಗೆ ಸುಣ್ಣ ಕಟ್ಟಿದೆ ಎಂದೇ ಲೆಕ್ಕ. ನಿಮ್ಮ ಯಂತ್ರದ ವ್ಯಾಟ್ ತಳದ ಚೀಟಿಯಲ್ಲಿರುತ್ತದೆ, ಅದಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಳ್ಳಿ. ಒಂದು ಎಚ್ಚರಿಕೆ: ವೋಲ್ಟೇಜ್ ಶೇ 10 ಇಳಿದರೆ ಹೀಟರ್‌ನ ಶಕ್ತಿ ಶೇ 19ರಷ್ಟು ಇಳಿಯುತ್ತದೆ. ಮನೆಯ ದೀಪಗಳು ಮಂಕಾಗಿರುವ ಹೊತ್ತಿನಲ್ಲಿ ಈ ಪರೀಕ್ಷೆ ಬೇಡ.

ಸುಣ್ಣ ತೆಗೆಯುವುದಕ್ಕೆ ಆಮ್ಲವೇ ಬೇಕು. ಶೇ 5ರ ಬಿಳಿ ವಿನೆಗರ್ ಆದರೆ ಸಮಪಾಲು ನೀರು ಬೆರೆಸಿ. ಸಿಟ್ರಿಕ್ ಆ್ಯಸಿಡ್ ಆದರೆ ಲೀಟರಿಗೆ 20 ಗ್ರಾಂ, ಹರಳು ಪೂರ್ತಿ ಕರಗಿದ ಮೇಲೆ ಟ್ಯಾಂಕಿಗೆ ಹಾಕಿ. ವಾಸನೆ ಉಳಿಯುವುದಿಲ್ಲವಾದ್ದರಿಂದ ಎರಡರಲ್ಲಿ ಸಿಟ್ರಿಕ್ ಆ್ಯಸಿಡ್ ವಾಸಿ. ಟ್ಯಾಂಕಿನಲ್ಲಿ ಇದ್ದಿಲಿನ ಫಿಲ್ಟರ್ ಇದ್ದರೆ ಮೊದಲು ತೆಗೆದಿಡಿ. ಬುಟ್ಟಿಯಲ್ಲಿ ಖಾಲಿ ಪೇಪರ್ ಫಿಲ್ಟರ್ ಇಡಿ, ಉದುರುವ ಚಕ್ಕೆಗಳು ಅಲ್ಲಿ ಸಿಗುತ್ತವೆ. ಯಂತ್ರ ಓಡಿಸಿ, ಅರ್ಧ ದ್ರಾವಣ ಜಗ್ಗಿಗೆ ಇಳಿದ ಕೂಡಲೇ ಆರಿಸಿ, 30 ನಿಮಿಷ ಹಾಗೇ ಬಿಡಿ. ಕೊಳವೆಯೊಳಗೆ ನಿಂತ ಬಿಸಿ ಆಮ್ಲ ಕೆಲಸ ಮಾಡುವುದು ಈ ಅರ್ಧ ಗಂಟೆಯಲ್ಲೇ, ಇದನ್ನು ಬಿಟ್ಟು ಒಂದೇ ಉಸಿರಿಗೆ ಓಡಿಸಿದರೆ ಪ್ರಯೋಜನ ಕಡಿಮೆ. ಆಮೇಲೆ ಉಳಿದದ್ದನ್ನು ಓಡಿಸಿ, ಚೆಲ್ಲಿ, ಎರಡು ಮೂರು ಸಲ ಟ್ಯಾಂಕ್ ತುಂಬ ಬರೀ ನೀರು ಓಡಿಸಿ. ಪೇಪರಿನಲ್ಲಿ ಬಿಳಿ ಚಕ್ಕೆ ತುಂಬ ಸಿಕ್ಕಿದ್ದರೆ ಇಡೀ ಕೆಲಸವನ್ನು ಇನ್ನೊಮ್ಮೆ ಮಾಡಿ. ಗಡಸು ನೀರಿರುವಲ್ಲಿ ತಿಂಗಳಿಗೊಮ್ಮೆ, ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ಮಾಡುತ್ತಿದ್ದರೆ ಸಾಕು.

ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸುವುದು ಬಹಳ ಕಡೆ ನಡೆಯುವ ತಪ್ಪು. ನೊರೆ ಉಕ್ಕುವುದನ್ನು ಕಂಡು ಕೆಲಸ ಆಗುತ್ತಿದೆ ಅನಿಸುತ್ತದೆ, ನಿಜಕ್ಕೂ ಸೋಡಾ ಆಮ್ಲದ ಬಲವನ್ನೇ ತಿಂದುಹಾಕಿರುತ್ತದೆ. ಬ್ಲೀಚ್ ಅಂತೂ ಬೇಡವೇ ಬೇಡ: ಆಮ್ಲದೊಂದಿಗೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಕೆಲವು ಯಂತ್ರಗಳಲ್ಲಿ ಸುಣ್ಣ ತೆಗೆಯಿರಿ ಎಂದು ಸೂಚಿಸುವ ದೀಪವಿರುತ್ತದೆ, ತೆಗೆದ ಮೇಲೂ ಅದು ಆರದಿದ್ದರೆ ಗಾಬರಿ ಬೇಡ. ಅನೇಕ ಯಂತ್ರಗಳು ಒಳಗೆ ನೋಡಿ ಹೇಳುವುದಿಲ್ಲ, ಎಷ್ಟು ಸಲ ಕಾಫಿ ಮಾಡಿದ್ದೀರಿ ಎಂದು ಎಣಿಸುತ್ತವೆ ಅಷ್ಟೇ. 'ಕ್ಲೀನ್' ಗುಂಡಿಯ ಮೂಲಕವೇ ಒಂದು ಸುತ್ತು ಪೂರ್ತಿ ಮುಗಿಸಿದರೆ ಎಣಿಕೆ ಮೊದಲಿಗೆ ಬರುತ್ತದೆ.

ತಟ್ಟೆ ಬಿಸಿ, ನೀರು ಮೇಲೇರುತ್ತಿಲ್ಲ

ತಟ್ಟೆಯ ಮೇಲೆ ಎರಡು ಹನಿ ನೀರು ಹಾಕಿ. ಚುಂಯ್ ಎಂದರೆ ಹೀಟರ್ ಚೆನ್ನಾಗಿದೆ, ನೀರೇ ಕೊಳವೆಗೆ ಇಳಿಯುತ್ತಿಲ್ಲ. ಬಹಳ ದಿನ ಒಣಗಿ ಕೂತ ಯಂತ್ರದಲ್ಲಿ ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಆರಿಸಿ, ಪ್ಲಗ್ ಕಿತ್ತು, ತಣಿಯಲು ಬಿಡಿ. ಟ್ಯಾಂಕಿಗೆ ಅರ್ಧ ನೀರು ಹಾಕಿ ಸಿಂಕಿನ ಬಳಿ ಯಂತ್ರವನ್ನು ಆಚೆ ಈಚೆ ಮೆಲ್ಲಗೆ ಓಲಾಡಿಸಿ, ತಳದ ತೂತಿನಿಂದ ಗುಳ್ಳೆ ಏಳುವುದು ಕಾಣುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ಸೂಜಿಯಿಲ್ಲದ ಸಿರಿಂಜಿನ ತುದಿಯನ್ನು ಆ ತೂತಿಗೆ ಒತ್ತಿ ನೀರನ್ನು ತುಸು ರಭಸದಿಂದ ತಳ್ಳಿ. ಕಚ್ಚಿಕೊಂಡ ವಾಲ್ವ್ ಕೂಡ ಹೀಗೆ ಬಿಟ್ಟುಕೊಳ್ಳುವುದುಂಟು. ತೂತಿಗೆ ಪಿನ್ನು, ತಂತಿ ತೂರಿಸಬೇಡಿ. ಸಿಲಿಕೋನ್ ನಾಲಿಗೆ ಹರಿದರೆ ಆವಿ ಟ್ಯಾಂಕಿಗೇ ಬಂದು ಅಲ್ಲೇ ಗುಳುಗುಳು ಎನ್ನುತ್ತದೆ, ಮೇಲಕ್ಕೆ ಏನೂ ಹೋಗುವುದಿಲ್ಲ. ನಿಮ್ಮ ಯಂತ್ರದ ಟ್ಯಾಂಕಿನಲ್ಲಿ ಈಗಾಗಲೇ ಹಾಗೆ ಆಗುತ್ತಿದ್ದರೆ ವಾಲ್ವ್ ಬದಲಿಸಬೇಕು.

ಬುಟ್ಟಿ ತುಂಬಿ ಉಕ್ಕಿ ಹರಿಯುವುದು

ಮೊದಲು ನೋಡಬೇಕಾದ್ದು ಜಗ್ಗಿನ ಮುಚ್ಚಳ. ಬುಟ್ಟಿಯ ತಳದಲ್ಲಿ ಸ್ಪ್ರಿಂಗ್ ಇರುವ ಒಂದು ಮೊಳೆ ಇರುತ್ತದೆ. ಜಗ್ಗಿನ ಮುಚ್ಚಳ ಅದನ್ನು ಮೇಲಕ್ಕೆ ಒತ್ತಿದರೆ ಮಾತ್ರ ಕಾಫಿ ಕೆಳಗಿಳಿಯುತ್ತದೆ. ಮುಚ್ಚಳ ಓರೆಯಾಗಿದ್ದರೆ, ಬೇರೆ ಜಗ್ಗು ಇಟ್ಟಿದ್ದರೆ, ಅರ್ಧದಲ್ಲಿ ಜಗ್ಗು ತೆಗೆದು 30 ಸೆಕೆಂಡಿನೊಳಗೆ ವಾಪಸ್ ಇಡದಿದ್ದರೆ ಬುಟ್ಟಿ ತುಂಬಿ ಹೊರಚೆಲ್ಲುತ್ತದೆ. ಮೊಳೆಯ ಸುತ್ತ ಚರಟ ಸೇರಿ ಅಂಟಿಕೊಂಡಿದ್ದರೂ ಇದೇ ಗತಿ. ಬುಟ್ಟಿಯನ್ನು ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು ಬೆರಳಿಂದ ಇಪ್ಪತ್ತು ಸಲ ಒತ್ತಿ ಬಿಡಿ.

ಅದು ಸರಿಯಿದ್ದರೆ ತಪ್ಪು ಪುಡಿಯದು. ತೀರಾ ನುಣ್ಣನೆಯ ಪುಡಿ ಪೇಪರಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಬೆರಳುಗಳ ನಡುವೆ ಉಜ್ಜಿದರೆ ಮರಳಿನಂತೆ ತರಿತರಿಯಾಗಿ ಸಿಗಬೇಕು, ಹಿಟ್ಟಿನ ಹಾಗೆ ಮೆತ್ತಿಕೊಳ್ಳಬಾರದು. ಚಿಕೋರಿ ಬೆರೆತ ಪುಡಿ ನೀರು ಸೋಕಿದೊಡನೆ ಅಂಟಂಟಾಗಿ ಇನ್ನಷ್ಟು ನಿಧಾನ ಮಾಡುತ್ತದೆ, ಅಂಥದ್ದನ್ನು ಹಾಕುವಾಗ ಬುಟ್ಟಿಯ ಅರ್ಧಕ್ಕಿಂತ ಹೆಚ್ಚು ಬೇಡ. ಪೇಪರ್ ಒಳಕ್ಕೆ ಮಡಚಿಕೊಂಡರೆ ನೀರು ಹೊರಗಿನಿಂದ ಜಾರಿ ಚರಟ ಕಪ್ಪಿಗೆ ಬರುತ್ತದೆ. ಹೊಲಿಗೆಯ ಅಂಚನ್ನು ಮಡಚಿ, ಒದ್ದೆ ಮಾಡಿ ಗೋಡೆಗೆ ಅಂಟಿಸಿದರೆ ಆ ಕಾಟ ತಪ್ಪುತ್ತದೆ.

ರುಚಿ ಕೆಟ್ಟರೆ

ನೀರು ನೀರಾಗಿದ್ದರೆ ಮೊದಲು ಅಳತೆ ನೋಡಿ. ಜಗ್ಗಿನ ಮೇಲಿನ 'ಕಪ್' ಗೆರೆ ಹೆಚ್ಚಾಗಿ 125ರಿಂದ 150 ಮಿಲಿಲೀಟರ್, ನೀವು ಕುಡಿಯುವ ಮಗ್ಗು ಅದರ ಎರಡರಷ್ಟಿರಬಹುದು. ಗೆರೆ ಬಿಡಿ, ತೂಕ ಹಿಡಿಯಿರಿ: ಲೀಟರಿಗೆ 60 ಗ್ರಾಂ ಪುಡಿ. ದೊಡ್ಡ ಯಂತ್ರದಲ್ಲಿ ಎರಡೇ ಕಪ್ಪು ಮಾಡಿದರೆ ಪುಡಿಯ ಪದರ ತೆಳುವಾಗಿ ನೀರು ಸರ್ರನೆ ಇಳಿದುಹೋಗುತ್ತದೆ, ಕನಿಷ್ಠ ಅರ್ಧ ಜಗ್ಗಾದರೂ ಮಾಡಿ. ಹುಳಿಯಾಗಿದ್ದರೆ ನೀರಿನ ಬಿಸಿ ಸಾಲದು. ಪುಡಿಯ ಮೇಲೆ ಬೀಳುವ ಧಾರೆಗೇ ಥರ್ಮಾಮೀಟರ್ ಹಿಡಿದು ಅಳೆಯಿರಿ, ಜಗ್ಗಿನಲ್ಲಿ ಅಳೆದರೆ ಸುಳ್ಳು ಲೆಕ್ಕ ಸಿಗುತ್ತದೆ. ಮೊದಲ ನಿಮಿಷ ಬಿಟ್ಟು 92ರಿಂದ 96 ಡಿಗ್ರಿ ಇದ್ದರೆ ಒಳ್ಳೆಯದು. ಕೆಲವು ಅಗ್ಗದ ಯಂತ್ರಗಳು ಹೊಸತಿದ್ದಾಗಲೂ ಅಷ್ಟು ಮುಟ್ಟುವುದಿಲ್ಲ. ಅಂಥದ್ದರಲ್ಲಿ ಪುಡಿಯನ್ನು ಒಂದು ಹಂತ ಸಣ್ಣ ಮಾಡಿಕೊಳ್ಳುವುದೊಂದೇ ದಾರಿ.

ಕಹಿ, ಸುಟ್ಟ ವಾಸನೆ ಬಂದರೆ ಬಿಸಿ ತಟ್ಟೆ ಕಾರಣ. ಇಪ್ಪತ್ತು ನಿಮಿಷದ ಮೇಲೆ ಅದರ ಮೇಲಿಟ್ಟ ಕಾಫಿ ಹಾಳೇ ಆಗುತ್ತದೆ, ಫ್ಲಾಸ್ಕಿಗೆ ಬಗ್ಗಿಸಿಡಿ. ಹಳಸಲು ವಾಸನೆ ಬಂದರೆ ಜಗ್ಗು, ಬುಟ್ಟಿಗಳಿಗೆ ಹತ್ತಿದ ಕಂದು ಜಿಡ್ಡನ್ನು ಉಜ್ಜಬೇಕು. ಕಾಫಿಯ ಎಣ್ಣೆಗೆ ವಿನೆಗರ್ ನಾಟುವುದಿಲ್ಲ, ಸೋಪು ಮತ್ತು ಅಡುಗೆ ಸೋಡಾ ಬೇಕು. ಸೋಡಾ ಸಲ್ಲುವ ಜಾಗ ಇದೇ. ಸೋಪು ಟ್ಯಾಂಕಿಗೆ ಮಾತ್ರ ಹೋಗಬಾರದು.

ಅಡಿಯಲ್ಲಿ ನೀರು

ಬಿಳಿ ಪೇಪರ್ ಹಾಸಿ ಯಂತ್ರವನ್ನು ಅದರ ಮೇಲಿಡಿ. ಕಂದು ಕಲೆಯಾದರೆ ಬುಟ್ಟಿಯದೋ ಜಗ್ಗಿನದೋ ತೊಂದರೆ, ಮೇಲೆ ಹೇಳಿದ್ದನ್ನು ಮಾಡಿ. ಶುದ್ಧ ನೀರಾದರೆ ಗಮನ ಬೇಕು. ಗರಿಷ್ಠ ಗೆರೆ ದಾಟಿ ತುಂಬಿದ್ದರೆ ಹಿಂಬದಿಯ ತೂತಿನಿಂದ ಹೆಚ್ಚುವರಿ ನೀರು ಸುರಿದಿರುತ್ತದೆ, ಅದು ದೋಷವಲ್ಲ. ಹಾಗಲ್ಲದೆ ಸೋರುತ್ತಿದ್ದರೆ ಪ್ಲಗ್ ಕಿತ್ತು ನಿಲ್ಲಿಸಿ. ಆಫ್ ಇದ್ದಾಗಲೂ ಸೋರಿದರೆ ಟ್ಯಾಂಕಿನ ಕೆಳಗಿನ ಪೈಪು, ಕಾಯುವಾಗ ಮಾತ್ರ ಸೋರಿದರೆ ಮೇಲೇರುವ ಪೈಪು. ಎರಡೂ ಸಿಲಿಕೋನಿನವು, ಕ್ಲಿಪ್ಪಿನಲ್ಲಿ ಬಿಗಿದಿರುತ್ತವೆ. ಬಿರುಕು ಸಾಮಾನ್ಯವಾಗಿ ತುದಿಯಲ್ಲೇ ಬಿಡುವುದರಿಂದ ಅಷ್ಟನ್ನು ಕತ್ತರಿಸಿ ಮತ್ತೆ ತೊಡಿಸಿದರೆ ಆಯಿತು.

ಜೀವವೇ ಇಲ್ಲದಿದ್ದರೆ

ಸಾಕೆಟ್ಟಿಗೆ ಬೇರೆ ಉಪಕರಣ ಹಾಕಿ ನೋಡಿ, ಟೈಮರ್‌ಗೆ ಸಿಕ್ಕಿಕೊಂಡಿದೆಯೇ ನೋಡಿ. ಆಮೇಲೆ ಉಳಿಯುವುದು ಥರ್ಮಲ್ ಫ್ಯೂಸ್. ಹೀಟರ್ ಕೊಳವೆಗೆ ತಾಗಿಕೊಂಡಂತೆ, ಕೊಳವೆಯಂಥ ಕವಚದೊಳಗೆ ಮುಚ್ಚಿ ಇಟ್ಟ ಒಂದೋ ಎರಡೋ ಸಣ್ಣ ಲೋಹದ ತುಂಡುಗಳು ಇವು. ನೀರಿಲ್ಲದೆ ಓಡಿಸಿದಾಗ ಅಥವಾ ಸುಣ್ಣ ಕಟ್ಟಿ ಲೋಹ ಮಿತಿಮೀರಿ ಕಾದಾಗ ಸುಟ್ಟುಹೋಗುತ್ತವೆ. ವಿದ್ಯುತ್ ಕೆಲಸದ ಅಭ್ಯಾಸ ಇದ್ದವರು ಮಾತ್ರ ಮುಂದೆ ಕೈಹಾಕಿ: ಪ್ಲಗ್ ಕಿತ್ತು, ತಣಿಸಿ, ತಳದ ತಿರುಪು ಬಿಚ್ಚಿ, ಮಲ್ಟಿಮೀಟರ್ ಹಿಡಿಯಿರಿ. ಫ್ಯೂಸಿನಲ್ಲಿ ಬೀಪ್ ಬರಬೇಕು. ಹೀಟರಿನಲ್ಲಿ ಓಮ್ ಎಷ್ಟಿರಬೇಕೆಂದರೆ ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿ. 230 ವೋಲ್ಟ್, 900 ವ್ಯಾಟ್ ಆದರೆ ಸುಮಾರು 59. ಹೊಸ ಫ್ಯೂಸ್ ಹಳೆಯದರ ಮೇಲೆ ಬರೆದಿರುವ ಡಿಗ್ರಿ, ಆಂಪಿಯರ್‌ಗಳದ್ದೇ ಆಗಿರಬೇಕು. ಬೆಸುಗೆ ಹಾಕಿದರೆ ಆ ಬಿಸಿಗೇ ಅದು ಹೋಗುತ್ತದೆ, ಒತ್ತಿ ಕೂರಿಸುವ ಕ್ರಿಂಪ್ ಬಳಸಿ. ಫ್ಯೂಸ್ ತೆಗೆದು ತಂತಿಯನ್ನು ನೇರ ಜೋಡಿಸುವುದು ಮನೆಗೆ ಬೆಂಕಿ ಕರೆದಂತೆ.

ತಳ ಬಿಚ್ಚಿದಾಗ ಅಲ್ಯೂಮಿನಿಯಂ ಕೊಳವೆಯ ಮೈಮೇಲೆಯೇ ಬಿಳಿ ಬೂದಿ, ತೂತು ಕಂಡರೆ ರಿಪೇರಿ ಅಲ್ಲಿಗೇ ನಿಲ್ಲಿಸಿ. ಲೋಹ ಕೊರೆದುಹೋಗಿದೆ, ನೀರು ಹೀಟರಿನ ವಿದ್ಯುತ್ತಿಗೆ ತಾಗುವ ದಿನ ದೂರವಿಲ್ಲ. ಆ ಯಂತ್ರವನ್ನು ಮತ್ತೆ ಪ್ಲಗ್ಗಿಗೆ ಹಾಕಬಾರದು. ಯಾರೂ ಅರಿಯದೆ ಬಳಸದಂತೆ ವಯರ್ ಕತ್ತರಿಸಿಯೇ ಎಸೆಯಿರಿ.